ಕಾರವಾರದ ಜಿಟಿಜಿಟಿ ಮಳೆ, ಸಪ್ಪೆ ಪಟ್ಟಿ

ಮಳೆಗಾಲದಲ್ಲಿ ಹಕ್ಕಿ ನೋಡಲೆಂದು ಬೆಳಗ್ಗೆ ಕಾರವಾರಕ್ಕೆ ಇಳಿದು ಸಂಜೆ ಘಟ್ಟ ಹತ್ತುವವರ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಕಾಗೆ, ಹದ್ದು, ಗರುಡ, ಬೆಳ್ಳಕ್ಕಿ, ಕೊಳದ ಬಕ, ತಂತಿಯ ಮೇಲೆ ನೆನೆದು ಕೂತ ಒಂದು ಮಿಂಚುಳ್ಳಿ. ಬೈಗುಳವೆಲ್ಲ ಮಳೆಗೆ. ಆದರೆ ಅದೇ ದಿನ ಬಿಸಿಲಿದ್ದಿದ್ದರೂ ಪಟ್ಟಿ ಇನ್ನೆರಡು ಸಾಲು ಬೆಳೆಯುತ್ತಿತ್ತೇನೋ, ಅಷ್ಟೆ.

ಜುಲೈನಲ್ಲಿ ಬೈತಖೋಲ ಬಂದರಿಗೆ ಹೋಗಿ ಕಡಲಕ್ಕಿಗಳ ಹಿಂಡು ಹುಡುಕುವುದೇ ಮೊದಲ ತಪ್ಪು. ಕಂದು ತಲೆಯ ಕಡಲಕ್ಕಿ ಆಗ ಲಡಾಖ್, ಟಿಬೆಟ್‌ನ ಸರೋವರಗಳ ದಂಡೆಯಲ್ಲಿ ಮರಿ ಮಾಡುತ್ತಿರುತ್ತದೆ. ನಮ್ಮ ಕರಾವಳಿಯಲ್ಲಿ ಅದು ಚಳಿಗಾಲದ ಅತಿಥಿ. ಮೇಲಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲರ್‌ಗಳು ಕಟ್ಟಿಹಾಕಿದಲ್ಲೇ ಇರುತ್ತವೆ. ಮೀನು ಇಳಿಸುವುದಿಲ್ಲ, ಚೂರುಪಾರು ಬಿಸಾಡುವುದಿಲ್ಲ ಎಂದ ಮೇಲೆ ಗರುಡಗಳಿಗೂ ಅಲ್ಲಿ ಸುತ್ತುವ ದರ್ದಿಲ್ಲ.

ಅಕ್ಟೋಬರ್, ನವೆಂಬರ್‌ನ ತುಂತುರಿನ ಕಥೆ ಬೇರೆ. ಆಗ ಹಕ್ಕಿ ಬಂದಿರುತ್ತವೆ, ಕೈತಪ್ಪುವುದು ನೀರಿನ ಲೆಕ್ಕ. ಕಾಳಿ ನದಿ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ಮರಳದಿಣ್ಣೆ ತೆರೆದುಕೊಳ್ಳುತ್ತದೆ. ಸ್ಯಾಂಡ್ ಪ್ಲೋವರ್, ಸ್ಯಾಂಡ್‌ಪೈಪರ್‌ನಂಥ ದಂಡೆಯ ಸಣ್ಣ ಹಕ್ಕಿಗಳು ಅದರ ತುದಿಗೆ ಹೋಗಿ ಮೇಯುತ್ತವೆ. ದಂಡೆಯಿಂದ ನೋಡಿದರೆ ಬೂದು ಹಿನ್ನೆಲೆಯಲ್ಲಿ ಬೂದು ಚುಕ್ಕೆ. ಪೂರ್ತಿ ಭರತ ಬಂದ ಮೇಲೆ ಹೋದರೆ ದಿಣ್ಣೆಯೂ ಇಲ್ಲ, ಹಕ್ಕಿಯೂ ಇಲ್ಲ. ನೀರು ಏರುತ್ತಿರುವಾಗ, ಭರತಕ್ಕೆ ಎರಡು ಗಂಟೆ ಮೊದಲು ಹೋಗಿ ಕೂರಬೇಕು. ಏರುವ ನೀರೇ ಅವುಗಳನ್ನು ದಂಡೆಯ ಕಡೆಗೆ ಅಟ್ಟಿಕೊಂಡು ಬರುತ್ತದೆ.

ಭರತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಹೋದ ಭಾನುವಾರ ಎಂಟಕ್ಕೆ ಭರತ ಇತ್ತೆಂದು ಗೆಳೆಯರು ಹೇಳಿದ್ದನ್ನು ನಂಬಿ ಈ ಭಾನುವಾರ ಎಂಟಕ್ಕೇ ಹೋದರೆ ಸಿಗುವುದು ಇಳಿತ! ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಿಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಅದರರ್ಧ. ಹಾಗಾಗಿ ದಿನ ಗೊತ್ತುಮಾಡುವಾಗ ಹವಾಮಾನದ ಆ್ಯಪ್‌ಗಿಂತ ಮೊದಲು ಗೋಡೆಯ ಪಂಚಾಂಗ ನೋಡುವುದು ಮೇಲು.

ಇನ್ನು ಬೈನಾಕ್ಯುಲರ್. ಎಸಿ ಕಾರಿನಲ್ಲಿ ತಣ್ಣಗಾದ ಗಾಜು ಕರಾವಳಿಯ ಬಿಸಿ ತೇವದ ಗಾಳಿಗೆ ಬಂದೊಡನೆ ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಹಾಗೆ ಬೆವರುತ್ತದೆ. ಒರೆಸಿದರೆ ಮತ್ತೆ ಬೆವರುತ್ತದೆ, ಗಾಜು ಬೆಚ್ಚಗಾಗುವವರೆಗೂ ಅಷ್ಟೆ. ಒಳಗೆ ನೈಟ್ರೋಜನ್ ತುಂಬಿದ್ದರೆ ಒಳಮಂಜು ತಪ್ಪುತ್ತದೆ, ಹೊರಮಂಜಿಗೆ ಅದು ಮದ್ದಲ್ಲ. ಅಂಕೋಲಾ ಕಡೆಯಿಂದ ಬರುವವರು ಅಮದಳ್ಳಿ ಬಂತೆಂದರೆ ಎಸಿ ಬಂದ್ ಮಾಡಿ, ಕಿಟಕಿ ಎರಡು ಬೆರಳಷ್ಟು ಇಳಿಸಿ, ಬೈನಾಕ್ಯುಲರನ್ನು ಚೀಲದಿಂದ ಹೊರಗೆ ತೆಗೆದಿಡಬೇಕು. ಮಳೆ ಬಂತೆಂದು ರೇನ್‌ಕೋಟಿನೊಳಗೆ ತೂರಿಸಿಕೊಳ್ಳುವುದೂ ತಪ್ಪೇ, ಮೈಯ ಹಬೆಗೆ ಕಣ್ಣಿನ ಕಡೆಯ ಗಾಜು ಮಸುಕಾಗುತ್ತದೆ. ಹೊರಗೇ ತೂಗಲಿ, ಮೇಲೆ ರಬ್ಬರಿನ ಮುಚ್ಚಳವಿರಲಿ. ಕಡಲ ತುಂತುರಿನಲ್ಲಿ ಉಪ್ಪು, ಸಣ್ಣ ಮರಳು ಎರಡೂ ಇರುತ್ತವೆ. ಮೊದಲು ಊದುಗದಿಂದ ಊದಿ, ಆಮೇಲೆ ಒಣಬಟ್ಟೆಯಿಂದ ಒತ್ತಿ ತೆಗೆಯಬೇಕು. ಅಂಗಿಯ ಚುಂಗಿನಿಂದ ತಿಕ್ಕಿದರೆ ಗಾಜಿನ ಲೇಪಕ್ಕೆ ಗೀರು ಖಂಡಿತ. ಒಂದು ಬಟ್ಟೆ ಅರ್ಧ ಗಂಟೆಗೆ ಒದ್ದೆಯಾಗುವುದರಿಂದ ಮೂರಾದರೂ ಜಿಪ್ ಕವರಿನಲ್ಲಿರಲಿ. ಜೇಬಿನಲ್ಲಿ ಹಿಡಿಯುತ್ತದೆಂದು 10x25 (ಹತ್ತು ಪಟ್ಟು ಹಿಗ್ಗಿಸುವ, 25 ಮಿಲಿಮೀಟರ್ ಮುಂಗಾಜಿನ ಬೈನಾಕ್ಯುಲರ್) ತಂದರೆ ಮೋಡದ ಬೆಳಕಿನಲ್ಲಿ ಪಶ್ಚಾತ್ತಾಪ. ಅದರಿಂದ ಕಣ್ಣಿಗೆ ಬೀಳುವ ಬೆಳಕಿನ ವೃತ್ತ 2.5 ಮಿಲಿಮೀಟರ್, 8x42ರಲ್ಲಿ 5.25.

ಮೋಡದ ದಿನ ಬಣ್ಣವನ್ನು ನಂಬಬೇಡಿ, ಆಕಾರ ನೋಡಿ. ಮಳೆಗಾಲದಲ್ಲಿ ಗರುಡನ ಕಂದು ಬಣ್ಣದ ಎಳೆಯವು ತುಂಬ. ಅವನ್ನು ಹದ್ದು ಎಂದು ಬರೆದುಕೊಳ್ಳುವವರೇ ಹೆಚ್ಚು. ಬಾಲದ ತುದಿ ದುಂಡಗಿದ್ದರೆ ಗರುಡ, ಕವಲಾಗಿದ್ದರೆ ಹದ್ದು. ಬಾಲ ಗಿಡ್ಡವಾಗಿ ಬೆಣೆಯಂತಿದ್ದು, ತೇಲುವಾಗ ರೆಕ್ಕೆಗಳನ್ನು ಮೇಲೆತ್ತಿ ಹಿಡಿದಿದ್ದರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದು. ಫೋಟೋ ತೆಗೆಯುವವರು ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಏರಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆಳ್ಳಗಿನ ಆಕಾಶದ ಮುಂದೆ ಎಲ್ಲವೂ ಕಾಗೆಯೇ. ಬಂಡೆಗಳ ಮೇಲೆ ಸೀಸದ ಬಣ್ಣದ ಬೆಳ್ಳಕ್ಕಿ ಕಂಡು, ಗಂಟಲು ಬಿಳಿ, ಪಾದ ಹಳದಿ ಇದ್ದರೆ ಅದು ರೀಫ್ ಎಗ್ರೆಟ್. ಅದಕ್ಕೆ ಮಳೆಯ ಪರಿವೆಯೇ ಇಲ್ಲ.

ಕೊಡೆ ಕಾಂಡ್ಲಾವನದ ಕಾಲುದಾರಿಗೆ ಸರಿ, ಟಾಗೋರ್ ಕಡಲತೀರದ ಗಾಳಿಗೆ ಸಲ್ಲ. ಮಳೆ ಹತ್ತು ನಿಮಿಷ ಬಿಟ್ಟರೆ ಚಹಾ ಕುಡಿಯಲು ಓಡಬೇಡಿ. ಹಕ್ಕಿಗಳು ರೆಕ್ಕೆ ಒಣಗಿಸಿಕೊಳ್ಳಲು ತೆರೆದ ಕೊಂಬೆಗೆ ಬರುವುದು ಆವಾಗಲೇ.

ಜುಲೈನಲ್ಲಿ ಕಡಲಿಗೇ ಹೋಗಬೇಕೆನ್ನಲು ಒಂದೇ ಕಾರಣವಿದೆ. ಎರಡು ಮೂರು ದಿನ ಪಡುವಣ ಗಾಳಿ ಜೋರಾಗಿ ಬೀಸಿದ ಮೇಲೆ ನಡುಗಡಲಿನ ಬ್ರೈಡಲ್ಡ್ ಟರ್ನ್‌ನಂಥ ಹಕ್ಕಿಗಳು ಸುಸ್ತಾಗಿ ತೀರಕ್ಕೆ ಬೀಳುತ್ತವೆ. ಸಿಕ್ಕಿದ್ದನ್ನು ಮತ್ತೆ ನೀರಿಗೆ ಎಸೆಯಬೇಡಿ, ಬಾಯಿಗೆ ನೀರು ಹುಯ್ಯಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಒಪ್ಪಿಸಿ.

ಶಿರಸಿ ಕಡೆಯವರಂತೂ ಆ ತಿಂಗಳು ಘಟ್ಟ ಇಳಿಯುವ ಬದಲು ಸೋಂದೆಯ ಮುಂಡಿಗೆಕೆರೆಗೆ ಹೋಗುವುದೇ ವಾಸಿ. ಕೆರೆಯ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲೇ. ಒರೆಸುವ ಬಟ್ಟೆ ಅಲ್ಲಿಗೂ ಮೂರು ಬೇಕು.