ಮೂರು ಹಾಡು, ಎರಡು ಗಂಟಲು

ಆಗಸ್ಟ್ 30, 2025, ಶನಿವಾರ

ಗಣಪತಿ ಕೂರಿಸಿ ನಾಲ್ಕನೇ ದಿನ. ಬೀದಿ ತುದಿಯ ಪೆಂಡಾಲಿನ ಸ್ಪೀಕರ್ ಬೆಳಿಗ್ಗೆಯಿಂದ ಬಾಯಿ ಮುಚ್ಚಿಲ್ಲ. ಕಿಟಕಿ ಹಾಕಿ, ಹೆಡ್‌ಫೋನ್ ಏರಿಸಿ, ಅಮೆರಿಕದ ರಾಕ್ ತಂಡ ಬರ್ಡ್ಸ್‌ನ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ' ಹಾಕಿಕೊಂಡು ಕೂತೆ. 1968ರಲ್ಲಿ ಇದೇ ತಾರೀಖು ಹೊರಬಂದ ಆಲ್ಬಂ. ವರ್ಷಕ್ಕೊಮ್ಮೆ ಈ ದಿನ ಕೇಳುವುದು ನನ್ನದೊಂದು ಹುಚ್ಚು.

ತಂಡದ ಮುಖ್ಯಸ್ಥ ರೋಜರ್ ಮೆಕ್‌ಗಿನ್ ತಲೆಯಲ್ಲಿದ್ದದ್ದು ಬೇರೆಯೇ ಯೋಜನೆ: ಬ್ಯಾಂಜೊ, ಪಿಟೀಲಿನ ಹಳ್ಳಿ ಸಂಗೀತ ಬ್ಲೂಗ್ರಾಸ್‌ನಿಂದ ಹಿಡಿದು ಮೂಗ್ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದವರೆಗೆ ಅಮೆರಿಕದ ಸಂಗೀತವನ್ನೆಲ್ಲ ತುಂಬಿಸುವ ಎರಡು ತಟ್ಟೆಗಳ ಆಲ್ಬಂ. ಅದಕ್ಕೆ ಪಿಯಾನೋ ನುಡಿಸಲಿ ಅಂತ ಸೇರಿಸಿಕೊಂಡದ್ದು 21ರ ಹುಡುಗ ಗ್ರಾಮ್ ಪಾರ್ಸನ್ಸ್‌ನನ್ನು. ಅವನೋ, ಬಂದವನೇ ಇಡೀ ತಂಡವನ್ನು ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಕಡೆ ಎಳೆದುಕೊಂಡು ಹೋದ. ಬ್ಲೂಗ್ರಾಸ್‌ನಲ್ಲೇ ಪಳಗಿದ್ದ, ತಂಡದ ಬೇಸ್ ಗಿಟಾರ್ ವಾದಕ ಕ್ರಿಸ್ ಹಿಲ್‌ಮನ್ ಬೆನ್ನಿಗೆ ನಿಂತ.

ಮಾರ್ಚ್‌ನಲ್ಲಿ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡಿಂಗ್. ಅಲ್ಲಿನ ಪೆಡಲ್ ಸ್ಟೀಲ್ (ಮಲಗಿಸಿ ನುಡಿಸುವ, ದನಿ ಜಾರಿಸುವ ಗಿಟಾರ್) ವಾದಕ ಲಾಯ್ಡ್ ಗ್ರೀನ್ ಎಲ್ಲೆಲ್ಲಿ ನುಡಿಸಲಿ ಅಂತ ಕೇಳಿದರೆ, ಎಲ್ಲಾ ಕಡೆ ಅಂದರಂತೆ ಇವರು. ಹಾಡುಗಾರ ಉಸಿರೆಳೆದುಕೊಳ್ಳುವ ಸಂದಿಯಲ್ಲಷ್ಟೇ ತಂತಿ ಮೀಟಿ ಅಭ್ಯಾಸವಿದ್ದ ಮನುಷ್ಯ. ಮೊದಲನೇ ಹಾಡು ಕೇಳಿ, ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಾಡಿದ್ದಾನೆ!

15ನೇ ತಾರೀಖು ರೈಮನ್ ಆಡಿಟೋರಿಯಂನಲ್ಲಿ ಕಂಟ್ರಿ ಸಂಗೀತದ ಹೆಸರಾಂತ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆ. ಉದ್ದ ಕೂದಲಿನ ಹುಡುಗರನ್ನು ಕಂಡು ಜನ ಕೂಗಿ ಲೇವಡಿ ಮಾಡಿದರು. ಎರಡನೆಯದಾಗಿ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ ಹಾಡು ಅಂತ ಘೋಷಣೆಯಾಗಿತ್ತು. ಪಾರ್ಸನ್ಸ್ ಅದನ್ನು ಬಿಟ್ಟು ಅಜ್ಜಿಗೆ ಅಂತ ಹೇಳಿ ತನ್ನದೇ 'ಹಿಕರಿ ವಿಂಡ್' ಎತ್ತಿಕೊಂಡ. ಆಪ್ರಿಯವರಿಗೆ ಕೆಂಡದಂಥ ಸಿಟ್ಟು.

ಆಮೇಲಿನದು ಗಂಟಲಿನ ಕತೆ. ಪಾರ್ಸನ್ಸ್ ತಮ್ಮ ಒಪ್ಪಂದದಲ್ಲಿದ್ದಾನೆ ಅಂತ ಲೀ ಹೇಝಲ್‌ವುಡ್ ರೆಕಾರ್ಡ್ ಕಂಪನಿ ತಕರಾರು ತೆಗೆಯಿತು. ಅವನು ಹಾಡಿದ್ದ ಮೂರು ಹಾಡುಗಳ ಮೇಲೆ ತಂಡದ ಬೇರೆಯವರ ದನಿ ಕೂತಿತು. ಇದು ಬರೀ ಪಾರ್ಸನ್ಸ್ ಆಲ್ಬಂ ಆಗಿಬಿಟ್ಟೀತು ಅನ್ನುವ ಅಳುಕೂ ತಮಗಿತ್ತು ಅಂತ ನಿರ್ಮಾಪಕ ಗ್ಯಾರಿ ಅಶರ್ ಆಮೇಲೆ ಹೇಳಿಕೊಂಡರು. ಜುಲೈನಲ್ಲಿ, ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಬರುವುದಿಲ್ಲ ಅಂತ ಪಾರ್ಸನ್ಸ್ ತಂಡವನ್ನೇ ಬಿಟ್ಟ. ಆಲ್ಬಂ ಬಂದಾಗ ಅವನಿರಲಿಲ್ಲ. ಬಿಲ್‌ಬೋರ್ಡ್ ಮಾರಾಟದ ಪಟ್ಟಿಯಲ್ಲಿ ಅದು ಏರಿದ್ದು 77ನೇ ಸ್ಥಾನದವರೆಗೆ, ಅಷ್ಟೇ.

ಆ ಮೂರರಲ್ಲಿ ಒಂದಾದ 'ದಿ ಕ್ರಿಶ್ಚಿಯನ್ ಲೈಫ್'ನಲ್ಲಿ ಷಿಕಾಗೋದ ಮೆಕ್‌ಗಿನ್ ದಕ್ಷಿಣದವರ ಹಾಗೆ ಪದ ಎಳೆಯುವುದು ಕೇಳಿದರೆ, ಸಿನಿಮಾದಲ್ಲಿ ಬೆಂಗಳೂರಿನ ನಟ ಹುಬ್ಬಳ್ಳಿ ಕನ್ನಡ ಆಡಿದ ಹಾಗಿರುತ್ತದೆ. ಅದನ್ನೇ ಪಾರ್ಸನ್ಸ್ ಹಾಡಿದ್ದು ತಂಡದ 1990ರ ಬಾಕ್ಸ್ ಸೆಟ್‌ನಲ್ಲಿ ಹೊರಬಂತು. ಅದು ಅಸಲಿ ಅನ್ನೋಣವೆಂದರೆ, ಅವನೂ ಫ್ಲಾರಿಡಾದ ಕಿತ್ತಳೆ ತೋಟಗಳ ದುಡ್ಡಿನಲ್ಲಿ ಬೆಳೆದವನು, ಹಾರ್ವರ್ಡ್‌ಗೂ ಹೋಗಿ ಬಂದವನು.

ಅವನೂ ಹಿಲ್‌ಮನ್‌ನೂ ಸೇರಿ ಫ್ಲೈಯಿಂಗ್ ಬರಿಟೊ ಬ್ರದರ್ಸ್ ಕಟ್ಟಿದರು. ಅಲ್ಲಿದ್ದ ಬರ್ನಿ ಲೆಡನ್ ಮುಂದೆ ಈಗಲ್ಸ್ ತಂಡ ಸೇರಿದ. ಕಂಟ್ರಿ ರಾಕ್ ಅಂತ ಕೋಟಿಗಟ್ಟಲೆ ತಟ್ಟೆ ಮಾರಿದ್ದು ಅವರು. ಪಾರ್ಸನ್ಸ್ 1973ರಲ್ಲಿ, 26ಕ್ಕೇ ಹೋಗಿಬಿಟ್ಟ. 2018ರಲ್ಲಿ ಆಲ್ಬಂಗೆ ಐವತ್ತು ತುಂಬಿದಾಗ ಮೆಕ್‌ಗಿನ್, ಹಿಲ್‌ಮನ್ ಇಬ್ಬರೂ ಕಂಟ್ರಿ ಗಾಯಕ ಮಾರ್ಟಿ ಸ್ಟುವರ್ಟ್ ಜೊತೆ ಊರೂರು ತಿರುಗಿ ಹಾಡಿದರು.

ಇವತ್ತು ಎರಡೂ ದನಿಯನ್ನು ಒಂದರ ಹಿಂದೆ ಒಂದು ಕೇಳಿದೆ. ಪಾರ್ಸನ್ಸ್‌ನದೇ ಚೆನ್ನ, ಅನುಮಾನವಿಲ್ಲ. ಆದರೆ ಪಾತ್ರೆ ತೊಳೆಯುವಾಗ ಬಾಯಿಗೆ ಬಂದದ್ದು ಮೆಕ್‌ಗಿನ್‌ನ ಆ ಕಳ್ಳ ಎಳೆತವೇ.