ನಮೂನೆ 20ಕ್ಕೆ ಸಹಿ ಬೀಳುವ ಮುನ್ನ

2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಜಯನಗರದ ಫಲಿತಾಂಶ ಮರುಎಣಿಕೆಯಾದ ಮೇಲೆ 16 ಮತಗಳಲ್ಲಿ ತೀರ್ಮಾನವಾಯಿತು. ಇಂಥ ಸೋಲಾದಾಗ ‘ಕೋರ್ಟಲ್ಲಿ ನೋಡ್ಕೊಳ್ತೀವಿ’ ಅನ್ನುವುದು ರೂಢಿ. ಆದರೆ ಮರುಎಣಿಕೆ ಸುಲಭವಾಗಿ ಸಿಗುವುದು ಎಣಿಕೆ ಕೇಂದ್ರದಲ್ಲೇ, ಅದೂ ಕೆಲವೇ ನಿಮಿಷಗಳ ಅವಕಾಶದಲ್ಲಿ.

1961ರ ಚುನಾವಣಾ ನಿಯಮಗಳಲ್ಲಿ 63ನೆಯದು ಇದಕ್ಕೇ ಇದೆ. ಚುನಾವಣಾಧಿಕಾರಿ ಒಟ್ಟು ಮತಗಳನ್ನು ಪ್ರಕಟಿಸಿದ ಮೇಲೆ, ನಮೂನೆ 20ಕ್ಕೆ (ಅಂತಿಮ ಫಲಿತಾಂಶದ ಪಟ್ಟಿಗೆ) ಸಹಿ ಹಾಕುವ ಮುನ್ನ, ಅಭ್ಯರ್ಥಿಯೋ ಏಜೆಂಟರೋ ಕಾರಣ ಬರೆದು ಅರ್ಜಿ ಕೊಡಬೇಕು. ಅಧಿಕಾರಿ ಒಪ್ಪಲಿ, ತಳ್ಳಿಹಾಕಲಿ, ಕಾರಣವನ್ನು ಬರಹದಲ್ಲೇ ಕೊಡಬೇಕು. ಸಹಿ ಬಿತ್ತೆಂದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ‘ಅಂತರ ತೀರಾ ಕಡಿಮೆ’ ಎಂದಷ್ಟೇ ಬರೆದ ಅರ್ಜಿ ನಿಲ್ಲುವುದಿಲ್ಲ. ಯಾವ ಸುತ್ತು, ಯಾವ ಮೇಜು, ಯಾವ ಮತಗಟ್ಟೆ, ಎಷ್ಟು ಮತಗಳ ವ್ಯತ್ಯಾಸ ಎಂದು ಬರೆದಿರಬೇಕು. ಅದಕ್ಕೆ ಏಜೆಂಟರ ಕೈಯಲ್ಲಿ ಪ್ರತಿ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿ ಇರಲೇಬೇಕು. ಅದರಲ್ಲಿನ ಮತಸಂಖ್ಯೆಗೂ ಯಂತ್ರ ತೋರಿಸುವ ಸಂಖ್ಯೆಗೂ ತಾಳೆಯಾಗದಿದ್ದರೆ, ಹಲವು ಬಾರಿ ಯಂತ್ರ ಪರೀಕ್ಷಿಸಲು ಮೊದಲೇ ನಡೆಸುವ ಅಣಕು ಮತದಾನದ ಮತಗಳನ್ನು ಅಳಿಸದೆ ಬಿಟ್ಟಿದ್ದೇ ಕಾರಣವಾಗಿರುತ್ತದೆ. ವಿವಿಪ್ಯಾಟ್ ಚೀಟಿ (ಮತ ಯಾರಿಗೆ ಬಿತ್ತೆಂದು ತೋರಿಸುವ ಮುದ್ರಿತ ಚೀಟಿ) ಎಣಿಸಿ ಎಂದು 56ಡಿ ನಿಯಮದಡಿ ಬೇರೆಯೇ ಅರ್ಜಿ ಕೊಡಬಹುದು; ಚೀಟಿಗೂ ಯಂತ್ರಕ್ಕೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ.

ಅಂಚೆ ಮತಗಳನ್ನಂತೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಘೋಷಣಾ ಪತ್ರಕ್ಕೆ ಸಹಿ ಇಲ್ಲ, ದೃಢೀಕರಣವಿಲ್ಲ ಎಂದು ತಿರಸ್ಕೃತವಾಗುವ ಮತಗಳು ಬಿಗಿಯಾದ ಕ್ಷೇತ್ರದಲ್ಲಿ ಗೆಲುವಿನ ಅಂತರವನ್ನೇ ಮೀರಬಹುದು. ಹಾಗೆ ಮೀರಿದರೆ, ಫಲಿತಾಂಶ ಘೋಷಿಸುವ ಮುನ್ನ ತಿರಸ್ಕೃತ ಮತಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂಬುದು ಚುನಾವಣಾ ಆಯೋಗದ್ದೇ ಸೂಚನೆ. ಯಾರೂ ಕೇಳದಿದ್ದರೂ ಇದು ನಡೆಯಬೇಕು.

ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ ಗಡುವು, 2,000 ರೂಪಾಯಿ ಠೇವಣಿ. ಅಲ್ಲಿ ಮರುಎಣಿಕೆ ಕೇಳಿದ ಮಾತ್ರಕ್ಕೆ ಸಿಗುವುದಿಲ್ಲ. ಮತದ ಗೋಪ್ಯತೆ ದೊಡ್ಡದು, ಸಾಕ್ಷ್ಯ ಹುಡುಕುವುದಕ್ಕೆಂದೇ ಮತಪೆಟ್ಟಿಗೆ ತೆರೆಯಲಾಗದು ಎಂದು ಸುಪ್ರೀಂ ಕೋರ್ಟ್ 1964ರಿಂದಲೂ ಹೇಳುತ್ತಿದೆ. ತತ್ತ್ವ ಸರಿಯಾದದ್ದೇ. ಆದರೆ ಸಾಕ್ಷ್ಯ ಕೊಡು ಎನ್ನುವುದು ಸೋತವನಿಗೆ, ಆ ಸಾಕ್ಷ್ಯವೆಲ್ಲ ಇರುವುದು ಅಧಿಕಾರಿಗಳ ವಶದಲ್ಲಿ. ನನಗೆ ಅನ್ಯಾಯ ಕಾಣುವುದು ಇಲ್ಲಿ. ಮಾಲೂರು ಕ್ಷೇತ್ರದಲ್ಲಿ 2023ರ ಗೆಲುವಿನ ಅಂತರ 248 ಮತ; ಸೋತವರು ಹೈಕೋರ್ಟಿಗೆ ಹೋದರು. ಎಣಿಕೆಯ ವಿಡಿಯೋ ಚಿತ್ರೀಕರಣವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲೇ ಇಲ್ಲ. ಅರ್ಜಿ ಬಾರದಿದ್ದರೆ 45 ದಿನಗಳ ನಂತರ ಇಂಥ ದೃಶ್ಯಗಳನ್ನು ಅಳಿಸಬಹುದೆಂದು ಆಯೋಗ 2025ರಲ್ಲಿ ಹೇಳಿದೆ. ಆದ್ದರಿಂದ ವಿಡಿಯೋ ಕಾಯ್ದಿಡಲು ಸೋತ ಮರುದಿನವೇ ಲಿಖಿತವಾಗಿ ಕೇಳುವುದು ಒಳ್ಳೆಯದು.

ಗೆದ್ದವರು ಎಡವುವುದು ಬೇರೆ ಕಡೆ. ಸೋತವರು ‘ನನ್ನನ್ನೇ ವಿಜೇತ ಎಂದು ಘೋಷಿಸಿ’ ಎಂದು ಕೇಳಿದ್ದರೆ, ವಿಚಾರಣೆ ಆರಂಭವಾದ 14 ದಿನಗಳೊಳಗೆ ಗೆದ್ದವರು ಜನಪ್ರತಿನಿಧಿ ಕಾಯ್ದೆಯ 97ನೇ ಕಲಮಿನಡಿ ಪ್ರತ್ಯಾರೋಪದ ನೋಟಿಸ್ ಕೊಡಬೇಕು. ಕೊಡದಿದ್ದರೆ, ಎದುರಾಳಿಗೆ ಬಿದ್ದ ಮತಗಳ ಸಿಂಧುತ್ವವನ್ನು ಆಮೇಲೆ ಪ್ರಶ್ನಿಸುವ ಹಕ್ಕು ಬಹುಮಟ್ಟಿಗೆ ಕೈತಪ್ಪುತ್ತದೆ.

ತಕರಾರು ಅರ್ಜಿಯ ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಮಾಲೂರಿನ ಆಯ್ಕೆಯನ್ನು ಹೈಕೋರ್ಟ್ ರದ್ದುಪಡಿಸಿ ಮರುಎಣಿಕೆಗೆ ಆದೇಶಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ರದ್ದತಿಗೆ ತಡೆ ಕೊಟ್ಟು, ಮರುಎಣಿಕೆ ಮಾಡಿ ಫಲಿತಾಂಶವನ್ನು ಮೊಹರಾದ ಲಕೋಟೆಯಲ್ಲಿ ಕೊಡಿ ಎಂದಿತು. ಅಷ್ಟರಲ್ಲಿ ಐದು ವರ್ಷದ ಅವಧಿಯಲ್ಲಿ ಎರಡು ವರ್ಷ ದಾಟಿಹೋಗಿತ್ತು.