ಶಾಲೆಯಲ್ಲಿ ಸುಧಾರಣೆ ನಡೆಯುತ್ತಿರುವಾಗ ಗುಣಮಟ್ಟವನ್ನು ಕಾಯುವವರು ಯಾರು?

ಬೋಧನೆಯ ಪದ್ಧತಿಯೇ ಬದಲಾಗುತ್ತಿರುವ ಶಾಲೆಯಲ್ಲಿ ಮಕ್ಕಳ ಕಲಿಕೆ ಕುಸಿಯದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂದು ಪೋಷಕರೂ ಶಿಕ್ಷಕರೂ ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಆ ಕೆಲಸ ಮೊದಲು ತರಗತಿಯೊಳಗೆ, ಶಿಕ್ಷಕರ ಕೈಯಲ್ಲೇ ನಡೆಯಬೇಕು ಎಂಬುದು ನನ್ನ ಉತ್ತರ.

ಕಿರಿಯ ತರಗತಿಗಳ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾದಾಗ, ಆಂಧ್ರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಯ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರೇ ಕಲಿಕಾ ಕಾರ್ಡುಗಳನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿದಾಗ, ಕಾರ್ಡುಗಳು ಸಿದ್ಧವಾಗಿ ಬಂದವು. ಆದರೆ ಅವುಗಳನ್ನು ರೂಪಿಸುವಾಗ ನಡೆದ ಯೋಚನೆ ಅವುಗಳ ಜೊತೆಗೆ ಬರುವಂಥದ್ದಾಗಿರಲಿಲ್ಲ. ವಿಸ್ತರಣೆಯ ನಿಜವಾದ ಕಷ್ಟ ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯ, ಅಂದರೆ ಹಂತ ಹಂತವಾಗಿ ಜೋಡಿಸಿದ ಪಾಠಗಳ, ಮೈಲಿಗಲ್ಲುಗಳನ್ನು ದಾಟುವ ಈ ಪದ್ಧತಿಯಲ್ಲಿ, ಯಾವ ಮಗು ಎಲ್ಲಿದೆ ಎಂಬುದನ್ನು ಮಕ್ಕಳ ಮುನ್ನಡೆಯನ್ನು ಗುರುತಿಸುವ ‘ಪ್ರಗತಿ ನೋಟ’ ಎಂಬ ಪಟ್ಟಿ ತೋರಿಸುತ್ತದೆ. ಒಂದು ಮಗು ಒತ್ತಕ್ಷರಗಳ ಬಳಿ ವಾರಗಟ್ಟಲೆ ನಿಂತಿದ್ದರೆ, ಶಿಕ್ಷಕಿ ಅದನ್ನು ಗಮನಿಸಿ, ಆ ಮಗುವನ್ನು ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಲ್ಲಿ ತಮ್ಮ ಬಳಿಯೇ ಕೂರಿಸಿಕೊಂಡು ಬೇರೆ ರೀತಿಯಲ್ಲಿ ಕಲಿಸಬಹುದು. ಗುಣಮಟ್ಟದ ನಿರ್ವಹಣೆ ಎಂದರೆ ನನ್ನ ದೃಷ್ಟಿಯಲ್ಲಿ ಇದೇ. ಅದೇ ನೋಟವನ್ನು ಭೇಟಿಗೆ ಬರುವ ಅಧಿಕಾರಿಗಾಗಿ ತುಂಬಿದರೆ, ಗುರುತುಗಳು ಮುಂದೆ ಹೋಗುತ್ತವೆ, ಮಗು ಅಲ್ಲೇ ಉಳಿಯುತ್ತದೆ.

2023ರಲ್ಲಿ ಐದು ಮತ್ತು ಎಂಟನೇ ತರಗತಿಗಳ ರಾಜ್ಯಮಟ್ಟದ ವರ್ಷಾಂತ್ಯದ ಪರೀಕ್ಷೆಯಾದ ಮೌಲ್ಯಾಂಕನದ ವಿವಾದ ನ್ಯಾಯಾಲಯದ ಮೆಟ್ಟಿಲೇರಿದಾಗ ಚರ್ಚೆಯೆಲ್ಲ ಪರೀಕ್ಷೆಯ ಸುತ್ತಲೇ ನಡೆಯಿತು. ವರ್ಷಾಂತ್ಯದ ಪರೀಕ್ಷೆಯಿಂದ ಇಲಾಖೆಗೆ ಮಾಹಿತಿ ಸಿಗುತ್ತದೆ, ಅದು ಬೇಕು ಕೂಡ. ಆದರೆ ಜುಲೈನಲ್ಲಿ ಹಿಂದುಳಿದ ಮಗುವಿಗೆ ಮಾರ್ಚ್‌ನ ಅಂಕಗಳಿಂದ ನೆರವಾಗದು.

ಆ ನೆರವು ಸಮಯಕ್ಕೆ ಸಿಗಬೇಕಾದರೆ ಸುತ್ತಲಿನ ಶಾಲೆಗಳಿಗೆ ಭೇಟಿ ನೀಡಿ ಶಿಕ್ಷಕರಿಗೆ ನೆರವಾಗಬೇಕಾದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ ಭೇಟಿಯ ರೀತಿ ಬದಲಾಗಬೇಕು. ಅವರು ಮಾಹಿತಿಯ ನಮೂನೆಗಳನ್ನು ಸಂಗ್ರಹಿಸಿ ಹೊರಡದೆ, ಹಿಂದುಳಿದ ಮಕ್ಕಳ ಗುಂಪಿನಲ್ಲಿ ಕುಳಿತು, ಅವರಿಂದ ಓದಿಸಿ, ಮುಂದೇನು ಮಾಡಬಹುದೆಂದು ಶಿಕ್ಷಕರೊಂದಿಗೆ ಚರ್ಚಿಸಬೇಕು. ಹೊಸ ಕಾರ್ಯಕ್ರಮವೊಂದು ಹೊಸ ದಾಖಲೆಯನ್ನು ತಂದರೆ, ಹಳೆಯ ಒಂದು ದಾಖಲೆಯನ್ನು ಕೈಬಿಡಲು ಅದೇ ಆದೇಶದಲ್ಲಿ ಅನುಮತಿ ಇರಬೇಕು. ಶಾಲಾಭಿವೃದ್ಧಿ ಸಮಿತಿಯ ಪೋಷಕರು ಕಟ್ಟಡ, ಸುಣ್ಣಬಣ್ಣಗಳ ಜೊತೆಗೆ, ತಿಂಗಳಿಗೊಮ್ಮೆ ಮಕ್ಕಳ ಓದನ್ನೂ ಕೇಳಲಿ. ಯಾವ ಮಗು ಎಲ್ಲಿ ತಡವರಿಸುತ್ತಿದೆ ಎಂದು ತಿಳಿಯಲು ಅವರಿಗೆ ಯಾವ ತರಬೇತಿಯೂ ಬೇಕಾಗಿಲ್ಲ.